ಹನ್ನೆರಡು ಮೈಲಿ ಮೇರಿಲ್ಯಾಂಡ್‌ಗಾಗಿ ಒಂದು ಪರ್ಮಿಟ್

ಮೇರಿಲ್ಯಾಂಡ್‌ನವರು ಹೊರಗಿನವರಿಗೆ ಕ್ಯಾರಿ ಪರ್ಮಿಟ್ (ಮೈಮೇಲೆ ಗನ್ ಇಟ್ಟುಕೊಂಡು ಓಡಾಡುವ ಪರವಾನಗಿ) ಕೊಡಲ್ಲ, ಸುಮ್ನೆ ದುಡ್ಡು ಕಳೀಬೇಡ ಎಂದು ನಮ್ಮ ಶೂಟಿಂಗ್ ರೇಂಜ್‌ನ ಗಂಡಸರೆಲ್ಲ ನಕ್ಕಿದ್ದರು. ಕೊಟ್ಟರು. ನಕ್ಕವರಲ್ಲೇ ಕೆಲವರು ಈಗ ನನ್ನನ್ನು ಕೂರಿಸಿಕೊಂಡು ಅರ್ಜಿ ತುಂಬುತ್ತಿದ್ದಾರೆ.

ನಮ್ಮ ಮನೆ ವರ್ಜೀನಿಯಾದ ವಿಂಚೆಸ್ಟರ್ ಹತ್ತಿರ. ನರ್ಸ್ ಕೆಲಸ ಪೆನ್ಸಿಲ್ವೇನಿಯಾದಲ್ಲಿ, ರಾತ್ರಿ ಪಾಳಿ. ಐ-81 ಹೆದ್ದಾರಿ ಹಿಡಿದರೆ ವೆಸ್ಟ್ ವರ್ಜೀನಿಯಾ ಸುಮಾರು 26 ಮೈಲಿ, ಮೇರಿಲ್ಯಾಂಡ್ 12 ಮೈಲಿ, ಆಮೇಲೆ ಪೆನ್ಸಿಲ್ವೇನಿಯಾ. ನನ್ನ ವರ್ಜೀನಿಯಾ ಪರ್ಮಿಟ್ ಪೆನ್ಸಿಲ್ವೇನಿಯಾದಲ್ಲಿ ನಡೆಯುತ್ತದೆ. ವೆಸ್ಟ್ ವರ್ಜೀನಿಯಾದಲ್ಲಿ 2016ರಿಂದ 21 ತುಂಬಿದವರಿಗೆ ಪರ್ಮಿಟ್ಟೇ ಬೇಕಿಲ್ಲ. ನಡುವಿನ ಆ 12 ಮೈಲಿ ಮಾತ್ರ ಬೇರೆ ಯಾವ ರಾಜ್ಯದ ಕಾರ್ಡನ್ನೂ ಒಪ್ಪುವುದಿಲ್ಲ.

ಗನ್ ಒಯ್ಯುತ್ತ ನಡುವಿನ ರಾಜ್ಯ ದಾಟಲು ಬಿಡುವ 1986ರ ಫೆಡರಲ್ ಕಾನೂನು ಇದೆಯಲ್ಲ ಎನ್ನುತ್ತೀರಿ. ಗುಂಡು ತೆಗೆ, ಪೆಟ್ಟಿಗೆಗೆ ಬೀಗ ಹಾಕು, ಡಿಕ್ಕಿಯಲ್ಲಿಡು, ದಾಟು. ತುಂಬಾ ದಿನ ಹಾಗೇ ಮಾಡಿದೆ. ಆದರೆ ಅದನ್ನು ಮಾಡುವುದೆಲ್ಲಿ? ಮಾರ್ಟಿನ್ಸ್‌ಬರ್ಗ್ ಆಚೆ, ಕತ್ತಲಲ್ಲಿ, ಯಾವುದೋ ಗ್ಯಾಸ್ ಸ್ಟೇಷನ್ ಪಕ್ಕ, ಒಬ್ಬಳೇ ಡಿಕ್ಕಿಯೊಳಗೆ ತಲೆ ಹಾಕಿಕೊಂಡು. ಯಾವ ಜಾಗದ ಭಯಕ್ಕೆ ಪಿಸ್ತೂಲು ಕೊಂಡೆನೋ ಅದೇ ಜಾಗದಲ್ಲಿ ಅದನ್ನು ಬಿಚ್ಚಿಡಬೇಕು. ಗಡಿ ದಾಟಿ ಮತ್ತೆ ತುಂಬಬೇಕು. ಬೆಳಿಗ್ಗೆ ವಾಪಸ್ ಬರುವಾಗ ಮತ್ತೆ ಅದೇ. ನಿದ್ದೆಗಣ್ಣಲ್ಲಿ ಗುಂಡು ತುಂಬಿ ತೆಗೆಯುವುದು ಎಷ್ಟು ಅಪಾಯ ಅಂತ ನಿಮಗೆ ಹೇಳಬೇಕಾಗಿಲ್ಲ.

ಒಂದಷ್ಟು ದಿನ 522ನೇ ಹೆದ್ದಾರಿಯಲ್ಲೂ ಹೋಗಿ ನೋಡಿದೆ. ಹ್ಯಾನ್‌ಕಾಕ್ ಹತ್ತಿರ ಮೇರಿಲ್ಯಾಂಡ್ ಅಗಲ ಎರಡು ಮೈಲಿಯೂ ಇಲ್ಲ. ನಕ್ಷೆ ನೋಡಿ ಖುಷಿಯಾಗಿತ್ತು. ಆದರೆ ದಾರಿ ಸುತ್ತು, ಜಿಂಕೆ ಕಾಟ ಬೇರೆ. ಎರಡೇ ಮೈಲಿ ಅಂತ ಕಾನೂನು ಕಣ್ಣು ಮುಚ್ಚಿಕೊಳ್ಳುತ್ತದಾ?

ಮುಚ್ಚಿಕೊಳ್ಳಲ್ಲ. ಫಿಲಡೆಲ್ಫಿಯಾದ ಶನೀನ್ ಆಲೆನ್ ಕೇಸ್ ನಿಮಗೆಲ್ಲ ಗೊತ್ತು. ಎರಡು ಮಕ್ಕಳ ಒಂಟಿ ತಾಯಿ, ಪೆನ್ಸಿಲ್ವೇನಿಯಾ ಪರ್ಮಿಟ್ ಇತ್ತು. 2013ರಲ್ಲಿ ನ್ಯೂಜೆರ್ಸಿಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿದಾಗ ಗನ್ ಇದೆ ಎಂದು ತಾನಾಗಿಯೇ ಹೇಳಿದಳು. ಆ ಪರ್ಮಿಟ್ ಅಲ್ಲಿ ನಡೆಯಲ್ಲ, ಅಲ್ಲೇ ಬಂಧನ. 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟಿದ್ದರಿಂದ ಬಚಾವಾದಳು. ನನ್ನ ನರ್ಸ್ ಲೈಸೆನ್ಸ್‌ಗೆ ಅಂಥ ಒಂದು ಕೇಸ್ ಸಾಕು.

2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಬ್ರೂಯೆನ್ ತೀರ್ಪು ಬಂತು: ಪರ್ಮಿಟ್ ಕೇಳಿದವರಿಂದ ವಿಶೇಷ ಕಾರಣ ಕೇಳುವಂತಿಲ್ಲ. ಮುಂದಿನ ತಿಂಗಳೇ ಮೇರಿಲ್ಯಾಂಡ್ 'ತಕ್ಕ ಕಾರಣ ಕೊಡಿ' ಎನ್ನುವ ಷರತ್ತು ಬಿಟ್ಟಿತು. ಹೊರರಾಜ್ಯದವರೂ ಅರ್ಜಿ ಹಾಕಬಹುದು. ನಮ್ಮವರು ಹಳೇ ಕಥೆಯನ್ನೇ ಹೇಳುತ್ತಿದ್ದರು ಅಷ್ಟೇ.

ಈಗ ದುಡ್ಡಿನ ಮಾತು. 16 ಗಂಟೆ ತರಬೇತಿ, ಕೊನೆಗೆ 25 ಗುಂಡಿನ ಪರೀಕ್ಷೆ, 70 ಪರ್ಸೆಂಟ್ ಬರಬೇಕು. ನನಗೆ ತೊಂಬತ್ತರ ಮೇಲೆ ಬಂತು, ಪಕ್ಕದ ಲೇನ್‌ನ ಮಹಾಶಯ ತನ್ನ ಟಾರ್ಗೆಟ್ ಮಡಚಿಟ್ಟುಕೊಂಡ. ಆದರೆ ಆ ತರಬೇತುದಾರನ ಸರಕಾರಿ ಮಾನ್ಯತೆ ಮುಗಿದಿತ್ತಂತೆ, ನನ್ನ ಸರ್ಟಿಫಿಕೇಟ್ ನಡೆಯಲಿಲ್ಲ. ಮುನ್ನೂರು ಡಾಲರ್ ಹತ್ತಿರ ಹೋಯಿತು, ಆಸಾಮಿ ವಾಪಸ್ ಕೊಡಲಿಲ್ಲ. ಮತ್ತೊಬ್ಬರ ಹತ್ತಿರ ಮತ್ತೆ 16 ಗಂಟೆ. ಆಮೇಲೆ ಬೆರಳಚ್ಚು. ಆಸ್ಪತ್ರೆಯಲ್ಲಿ ದಿನವಿಡೀ ಕೈ ತೊಳೆದು ನಮ್ಮ ಬೆರಳಲ್ಲಿ ಗೆರೆಯೇ ಉಳಿದಿರಲ್ಲ, ತಿರಸ್ಕಾರವಾಯಿತು. ಮತ್ತೆ ಫೀಸು. ಎರಡನೇ ಸಲ ಹೋಗುವ ಮೊದಲು ಒಂದು ವಾರ ಕೈಗೆ ಏನು ಹಚ್ಚಿದೆ ಅಂತ ಇಲ್ಲಿ ಬರೆಯಲ್ಲ, ಎದುರು ಸಿಕ್ಕರೆ ಹೇಳುತ್ತೇನೆ. ಅರ್ಜಿ ಫೀಸು 125 ಇರಬೇಕು. ಎಲ್ಲ ಸೇರಿ ಒಂಬೈನೂರರ ಆಸುಪಾಸು. ವರ್ಜೀನಿಯಾ ಕಾರ್ಡಿಗೆ 50 ಡಾಲರ್ ಒಳಗೇ ಮುಗಿದಿತ್ತು. ಯೂಟಾ ಪರ್ಮಿಟ್ ತಗೊಂಡರೆ ಎಲ್ಲ ಕಡೆ ನಡೆಯುತ್ತೆ ಎನ್ನುವವರಿಗೆ: ಮೇರಿಲ್ಯಾಂಡ್‌ನಲ್ಲಿ ಅದೂ ನಡೆಯಲ್ಲ.

ಇದರ ನಡುವೆ ಬಟ್ಟೆಯ ಪ್ರಯೋಗ. ಸಲ್ವಾರ್ ಲಾಡಿಗೆ ಪಿಸ್ತೂಲಿನ ಚೀಲ (ಹೋಲ್‌ಸ್ಟರ್) ನಿಲ್ಲಲ್ಲ, ಜಾರುತ್ತದೆ. ಹ್ಯಾಂಡ್‌ಬ್ಯಾಗ್ ಬೇಡವೇ ಬೇಡ. 2014ರಲ್ಲಿ ಐಡಹೋದ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಪರ್ಸಿಗೆ ಕೈ ಹಾಕಿ, ಗುಂಡು ಹಾರಿ ತಾಯಿ ಸತ್ತಿದ್ದು ನೆನಪಿದೆಯಲ್ಲ. ಕುರ್ತಾ ಒಳಗೆ ಗಟ್ಟಿ ಟ್ರಿಗರ್ ಕವರ್ ಇರುವ ಬೆಲ್ಲಿ ಬ್ಯಾಂಡ್ (ಸೊಂಟಕ್ಕೆ ಸುತ್ತುವ ಪಟ್ಟಿ) ಚೆನ್ನಾಗಿ ಕೂರುತ್ತದೆ. ಸೀರೆಗೂ ಒಂದು ದಾರಿ ಮಾಡಿಕೊಂಡಿದ್ದೇನೆ. ಯುಗಾದಿ ಕಾರ್ಯಕ್ರಮಕ್ಕೆ ಹಾಲ್‌ನವರ ಅನುಮತಿ ಕೇಳಿಯೇ ಉಟ್ಟು ಹೋದೆ, ನನ್ನ ಗಂಡನಿಗೇ ಗೊತ್ತಾಗಲಿಲ್ಲ. ಪಿಸ್ತೂಲು ಶೀಲ್ಡ್ ಇಝಡ್ ಮಾದರಿ, .380 ಗುಂಡಿನದು. ಅದರ ಮೇಲ್ಭಾಗ (ಸ್ಲೈಡ್) ಹಿಂದಕ್ಕೆ ಎಳೆಯಲು ಜಾಸ್ತಿ ಬಲ ಬೇಡ.

ಎಚ್-1ಬಿ ವೀಸಾದಲ್ಲಿರುವ ಹುಡುಗಿಯರು ನಾವೂ ಗನ್ ಹಿಡಿಯಬಹುದಾ ಎಂದು ಕೇಳುತ್ತಿರುತ್ತಾರೆ. ನೀವು ಶೂಟಿಂಗ್ ರೇಂಜಿನಲ್ಲಿ ಬಾಡಿಗೆ ಗನ್ ಹಿಡಿದರೂ ಫೆಡರಲ್ ಅಪರಾಧ, ಹಂಟಿಂಗ್ ಲೈಸೆನ್ಸ್‌ನಂಥ ವಿನಾಯಿತಿ ಇದ್ದರೆ ಬೇರೆ ಮಾತು. ಗ್ರೀನ್ ಕಾರ್ಡ್ ಬರುವವರೆಗೆ ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಿ. ಅದಕ್ಕೂ ಪ್ರತಿ ರಾಜ್ಯದ ನಿಯಮ ಬೇರೆ.

ಕಾರ್ಡ್ ಬಂದ ಮೇಲೂ ಆಸ್ಪತ್ರೆ ಒಳಗೆ ಒಯ್ಯುವಂತಿಲ್ಲ, ಕಾರಿನ ಲಾಕ್‌ಬಾಕ್ಸೇ ಗತಿ. ಹೆದ್ದಾರಿ ಬಿಟ್ಟು ಪೆನ್ಸಿಲ್ವೇನಿಯಾದ ಊರೊಳಗೆ ಹೋದರೆ ಇನ್ನೊಂದು ತಲೆನೋವು. ಶಾಲೆಯ ಸಾವಿರ ಅಡಿಯೊಳಗೆ ಗನ್ ಒಯ್ಯುವುದಕ್ಕೆ ಫೆಡರಲ್ ನಿಷೇಧವಿದೆ; ವಿನಾಯಿತಿ ಸಿಗುವುದು ಆಯಾ ರಾಜ್ಯವೇ ಕೊಟ್ಟ ಪರ್ಮಿಟ್‌ಗೆ ಮಾತ್ರ, ಅದು ಮಾನ್ಯ ಮಾಡಿದ ಹೊರರಾಜ್ಯದ ಪರ್ಮಿಟ್‌ಗಲ್ಲ. ಹಾಗಾಗಿ ಪೆನ್ಸಿಲ್ವೇನಿಯಾ ಕಾರ್ಡಿಗೂ ಅರ್ಜಿ ಹಾಕುತ್ತಿದ್ದೇನೆ. ಅಲ್ಲಿ 20 ಡಾಲರ್, ತರಬೇತಿಯೇ ಕೇಳಲ್ಲ.