ಗೂಗಲ್‌ನಲ್ಲಿ ಸೈಟ್ ಕಾಣುತ್ತಿಲ್ಲವಾ? ಏನನ್ನೂ ಮುಟ್ಟುವ ಮೊದಲು ಇಷ್ಟು ನೋಡಿ

ಸೈಟಿಗೆ ಬರುವವರು ದಿಢೀರ್ ಅಂತ ಕಡಿಮೆಯಾದರೆ ಕೈ ಸುಮ್ನೆ ಇರುವುದಿಲ್ಲ. ಟೈಟಲ್ ಬದಲಾಯಿಸೋಣ, ಥೀಮ್ ಬದಲಾಯಿಸೋಣ, ಇನ್ನೊಂದು ಪ್ಲಗಿನ್ ಹಾಕೋಣ, ಆಗಲಿಲ್ಲ ಅಂದರೆ ಯಾರಾದರೂ ಎಸ್‌ಇಒ (ಸರ್ಚ್‌ನಲ್ಲಿ ಸೈಟನ್ನು ಮೇಲೆ ತರುವ ಕೆಲಸ) ಮಾಡುವವರಿಗೆ ದುಡ್ಡು ಕೊಟ್ಟುಬಿಡೋಣ ಅನಿಸುತ್ತದೆ. ಸ್ವಲ್ಪ ತಡೆಯಿರಿ. ‘ಜನ ಬರುತ್ತಿಲ್ಲ’ ಅನ್ನುವುದು ಒಂದು ಕಾಯಿಲೆ ಅಲ್ಲ, ನಾಲ್ಕು ಬೇರೆ ಬೇರೆ ಕಾಯಿಲೆಗಳ ಒಂದೇ ಲಕ್ಷಣ. ಜನ ಬರುತ್ತಲೇ ಇರಬಹುದು, ನಿಮ್ಮ ಲೆಕ್ಕ ತಪ್ಪಿರಬಹುದು. ಗೂಗಲ್‌ನ ಇಂಡೆಕ್ಸ್‌ನಲ್ಲಿ, ಅಂದರೆ ಅದರ ಪಟ್ಟಿಯಲ್ಲಿ, ನಿಮ್ಮ ಪುಟವೇ ಇಲ್ಲದಿರಬಹುದು. ಪಟ್ಟಿಯಲ್ಲಿದ್ದರೂ ಯಾರೂ ಹೋಗಿ ನೋಡದ ಮೂಲೆಯಲ್ಲಿರಬಹುದು. ಇಲ್ಲವೇ ಮೇಲೆಯೇ ಕಾಣುತ್ತಿದ್ದರೂ ಯಾರೂ ಒತ್ತದೇ ಇರಬಹುದು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಎಷ್ಟೋ ಸಲ ಸರಿಯಿದ್ದದ್ದನ್ನೂ ಕೆಡಿಸುತ್ತದೆ.

ಮೊದಲು ಲೆಕ್ಕ ಸರಿಯಿದೆಯಾ?

ಇದು ನನಗೇ ಆದದ್ದು. ಸೈಟಿಗೆ ಹೊಸ ಥೀಮ್ ಹಾಕಿದ ಮರುದಿನ ಅನಲಿಟಿಕ್ಸ್‌ನ, ಅಂದರೆ ಸೈಟಿಗೆ ಬಂದವರನ್ನು ಎಣಿಸುವ ಸಾಧನದ, ಗ್ರಾಫ್ ನೆಲ ಕಚ್ಚಿತ್ತು. ಎರಡು ರಾತ್ರಿ ಕೂತು ಮುಖ್ಯ ಪುಟಗಳ ಟೈಟಲ್‌ಗಳನ್ನೆಲ್ಲ ಹೊಸದಾಗಿ ಬರೆದೆ. ಆಮೇಲೆ ಸರ್ಚ್ ಕನ್ಸೋಲ್ (ಸರ್ಚ್‌ನಲ್ಲಿ ಸೈಟ್ ಹೇಗಿದೆ ಅಂತ ಮಾಲೀಕರಿಗೆ ತೋರಿಸುವ ಗೂಗಲ್‌ನ ಸಾಧನ) ತೆರೆದರೆ, ಕ್ಲಿಕ್‌ಗಳು ಮೊದಲಿನ ಹಾಗೇ ಇದ್ದವು! ಅನಲಿಟಿಕ್ಸ್‌ನ ಟ್ರ್ಯಾಕಿಂಗ್ ಕೋಡನ್ನು ನಾನು ಹಳೇ ಥೀಮಿನ ಹೆಡರ್ ಫೈಲಿನಲ್ಲಿ ಅಂಟಿಸಿದ್ದೆ. ಥೀಮ್ ಹೋಯಿತು, ಕೋಡೂ ಅದರ ಜೊತೆ ಹೋಯಿತು. ಹಳೇ ಟೈಟಲ್‌ಗಳನ್ನು ವಾಪಸ್ ಹಾಕಲು ಮೂರನೇ ರಾತ್ರಿ ಬೇಕಾಯಿತು.

ಹಾಗಾಗಿ ಮೊದಲ ಕೆಲಸ ಇದು. ಅನಲಿಟಿಕ್ಸ್ ಒಂದು ಕಡೆ, ಗೂಗಲ್ ಸರ್ಚ್ ಕನ್ಸೋಲ್ ಇನ್ನೊಂದು ಕಡೆ ಇಟ್ಟುಕೊಂಡು ನೋಡಿ. ಅನಲಿಟಿಕ್ಸ್ ನಿಮ್ಮ ಪುಟದಲ್ಲಿರುವ ಕೋಡ್ ಓಡಿದರೆ ಮಾತ್ರ ಎಣಿಸುತ್ತದೆ. ಸರ್ಚ್ ಕನ್ಸೋಲ್ ಗೂಗಲ್ ತನ್ನ ಕಡೆಯಿಂದ ಎಣಿಸಿದ ಲೆಕ್ಕ, ನಿಮ್ಮ ಕೋಡಿಗೂ ಅದಕ್ಕೂ ಸಂಬಂಧ ಇಲ್ಲ. ಅನಲಿಟಿಕ್ಸ್ ಮಾತ್ರ ಬಿದ್ದು ಕನ್ಸೋಲ್ ಸರಿಯಿದ್ದರೆ ಕಳೆದುಹೋಗಿರುವುದು ಕೋಡು, ಜನ ಅಲ್ಲ. ಕುಕೀ ಒಪ್ಪಿಗೆ ಕೇಳುವ ಬ್ಯಾನರ್ ಹೊಸದಾಗಿ ಹಾಕಿದ್ದರೂ ಲೆಕ್ಕ ಹೀಗೇ ಇಳಿಯುತ್ತದೆ.

ಕನ್ಸೋಲ್ ಇನ್ನೂ ಜೋಡಿಸಿಲ್ಲ ಅಂದರೆ ಇವತ್ತೇ ಜೋಡಿಸಿ. ಪುಕ್ಕಟೆ. 16 ತಿಂಗಳ ಲೆಕ್ಕ ಇಟ್ಟುಕೊಂಡಿರುತ್ತದೆ. ಜೋಡಿಸುವಾಗ ‘ಡೊಮೈನ್ ಪ್ರಾಪರ್ಟಿ’ ಅನ್ನುವುದನ್ನೇ ಆರಿಸಿ. ಇನ್ನೊಂದು ವಿಧದಲ್ಲಿ ನೀವು ಕೊಟ್ಟ ವಿಳಾಸದ ಲೆಕ್ಕ ಮಾತ್ರ ಬರುತ್ತದೆ. ಎಚ್‌ಟಿಟಿಪಿ ಇಂದ ಎಚ್‌ಟಿಟಿಪಿಎಸ್‌ಗೆ ಹೋದಮೇಲೂ ಹಳೇ ವಿಳಾಸದ ಗ್ರಾಫನ್ನೇ ನೋಡಿಕೊಂಡು ಗಾಬರಿಯಾದವರು ತುಂಬಾ ಜನ ಇದ್ದಾರೆ. ಹಾಗೇ, ಕೊನೆಯ ಎರಡು ಮೂರು ದಿನದ ಅಂಕಿಗಳು ಪೂರ್ತಿ ಬಂದಿರುವುದಿಲ್ಲ, ಗ್ರಾಫಿನ ತುದಿ ಬಾಗಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಎಲ್ಲಿ ಬಿದ್ದಿದೆ ಅನ್ನುವುದು ಗ್ರಾಫಿನಲ್ಲೇ ಇದೆ

ಪರ್ಫಾರ್ಮೆನ್ಸ್ ವರದಿಯಲ್ಲಿ ನಾಲ್ಕು ಅಂಕಿ ಇರುತ್ತವೆ: ಕ್ಲಿಕ್, ಇಂಪ್ರೆಶನ್, ಸಿಟಿಆರ್, ಸರಾಸರಿ ಸ್ಥಾನ. ಹುಡುಕಿದವರ ಮುಂದೆ ನಿಮ್ಮ ಲಿಂಕ್ ಎಷ್ಟು ಸಲ ಬಂತು ಅನ್ನುವುದು ಇಂಪ್ರೆಶನ್. ಅದರಲ್ಲಿ ಎಷ್ಟು ಪಾಲು ಜನ ಒತ್ತಿದರು ಅನ್ನುವುದು ಸಿಟಿಆರ್. ನಾಲ್ಕನ್ನೂ ಆನ್ ಮಾಡಿ, ಈಗಿನ ತಿಂಗಳನ್ನು ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ. ಹೋದ ತಿಂಗಳ ಜೊತೆ ಮಾತ್ರ ಹೋಲಿಸಿದರೆ ಮೋಸ ಹೋಗುತ್ತೀರಿ. ಪರೀಕ್ಷೆಯ ವಿಷಯ ಪರೀಕ್ಷೆ ಮುಗಿದಮೇಲೆ ಯಾರು ಹುಡುಕುತ್ತಾರೆ, ಅಲ್ವಾ?

ಇಂಪ್ರೆಶನ್ನೇ ಕುಸಿದಿದ್ದರೆ ಪುಟಗಳು ಪಟ್ಟಿಯಿಂದ ಹೊರಗೆ ಹೋಗಿರಬಹುದು, ಇಲ್ಲವೇ ಜನ ಆ ವಿಷಯ ಹುಡುಕುವುದನ್ನೇ ಬಿಟ್ಟಿರಬಹುದು. ಸ್ಥಾನ 3 ಇದ್ದದ್ದು 12 ಆಗಿದ್ದರೆ ಬೇರೆಯವರು ಮುಂದೆ ಹೋಗಿದ್ದಾರೆ. ಇಂಪ್ರೆಶನ್, ಸ್ಥಾನ ಎರಡೂ ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ ಕಾರಣ ಫಲಿತಾಂಶದ ಪುಟದ ಮೇಲೆಯೇ ಇದೆ. ಆಮೇಲೆ ಕೆಳಗಿನ ಟ್ಯಾಬ್‌ಗಳಿಗೆ ಹೋಗಿ ಪುಟ, ಪದ, ದೇಶ, ಸಾಧನ ಅಂತ ಒಂದೊಂದಾಗಿ ಬಿಡಿಸಿ ನೋಡಿ. ‘ಸೈಟ್ ಪೂರ್ತಿ ಬಿತ್ತು’ ಅಂತ ಬಂದವರ ಲೆಕ್ಕ ಬಿಡಿಸಿದರೆ ಎಷ್ಟೋ ಸಲ ಬಿದ್ದಿರುವುದು ಎರಡೇ ಪುಟ. ಆ ಎರಡೇ ಇಡೀ ಸೈಟನ್ನು ಹೊತ್ತುಕೊಂಡಿದ್ದವು, ಅಷ್ಟೇ.

ಪುಟ ಪಟ್ಟಿಯಲ್ಲಿದೆಯಾ?

ಸರ್ಚ್ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಸೈಟ್’ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಡೊಮೈನ್ ಕೊಟ್ಟರೆ ಪಟ್ಟಿಯಲ್ಲಿರುವ ಪುಟಗಳು ಬರುತ್ತವೆ. ಒಂದು ಅಂದಾಜಿಗೆ ಇದು ಸಾಕು. ಆದರೆ ಅಲ್ಲಿ ಕಾಣುವ ಸಂಖ್ಯೆಯನ್ನು ನಂಬಬೇಡಿ. ಖಚಿತವಾಗಿ ಬೇಕು ಅಂದರೆ ಕನ್ಸೋಲ್‌ನ ಮೇಲಿರುವ ‘ಯುಆರ್‌ಎಲ್ ಇನ್‌ಸ್ಪೆಕ್ಷನ್’ ಪೆಟ್ಟಿಗೆಗೆ ಪುಟದ ವಿಳಾಸ ಹಾಕಿ. ಪಟ್ಟಿಯಲ್ಲಿದೆಯಾ, ಇಲ್ಲ ಅಂದರೆ ಯಾಕೆ ಅಂತ ಅದೇ ಹೇಳುತ್ತದೆ. ಅಲ್ಲೇ ಇರುವ ಲೈವ್ ಟೆಸ್ಟ್ ಕೂಡ ಒತ್ತಿ, ಏಕೆಂದರೆ ಮೊದಲು ಕಾಣುವುದು ಗೂಗಲ್ ಹಿಂದೆ ಬಂದಾಗಿನ ಚಿತ್ರ. ಈಗ ಏನಿದೆ ಅನ್ನುವುದು ಲೈವ್ ಟೆಸ್ಟ್‌ನಲ್ಲೇ ಗೊತ್ತಾಗುವುದು.

ಪರಿಚಯದವರೊಬ್ಬರ ಕಥೆ ಹೇಳುತ್ತೇನೆ, ಇದರಲ್ಲಿ ಅರ್ಧ ಪಾಠ ಇದೆ. ಹೊಸ ಸೈಟನ್ನು ಪರೀಕ್ಷೆಗೆ ಅಂತ ಬೇರೆ ಕಡೆ ಕಟ್ಟಿ, ಅದು ಗೂಗಲ್‌ಗೆ ಸಿಗಬಾರದು ಅಂತ ನೋಇಂಡೆಕ್ಸ್, ಅಂದರೆ ‘ಈ ಪುಟವನ್ನು ಪಟ್ಟಿಗೆ ಸೇರಿಸಬೇಡಿ’ ಅನ್ನುವ ಸೂಚನೆ, ಹಾಕಿದ್ದರು. ಕೆಲಸ ಮುಗಿದಮೇಲೆ ಹಾಗೇ ಎತ್ತಿ ಅಸಲಿ ಜಾಗಕ್ಕೆ ಇಟ್ಟರು. ನೋಇಂಡೆಕ್ಸ್ ಕೂಡ ಜೊತೆಗೇ ಬಂತು. ಪುಟಗಳು ಒಂದೇ ದಿನ ಮಾಯವಾಗಲಿಲ್ಲ. ಗೂಗಲ್ ಯಾವ ಪುಟಕ್ಕೆ ಮತ್ತೆ ಬಂದು ನೋಡಿತೋ ಆ ಪುಟ ಹೋಯಿತು, ಹೀಗೆ ಒಂದೊಂದಾಗಿ. ಅದಕ್ಕೇ ಅವರಿಗೆ ಅನುಮಾನ ಬರಲು ತಡವಾಯಿತು. ಗಾಬರಿಯಲ್ಲಿ ಎಲ್ಲಿಂದಲೋ ಒಂದು ರೋಬಾಟ್ಸ್ ಫೈಲ್ (ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಅಂತ ಸರ್ಚ್ ಎಂಜಿನ್‌ಗಳಿಗೆ ಹೇಳುವ ಫೈಲ್) ನಕಲು ಮಾಡಿ ಹಾಕಿದರು. ಆಮೇಲೆ ನೋಇಂಡೆಕ್ಸ್ ಕಣ್ಣಿಗೆ ಬಿತ್ತು, ತೆಗೆದರು. ಹದಿನೈದು ದಿನ ಕಾದರೂ ಒಂದು ಪುಟವೂ ವಾಪಸ್ ಬರಲಿಲ್ಲ.

ಆ ಫೈಲ್ ತೆರೆದು ನೋಡಿದೆವು. ‘ಡಿಸ್‌ಅಲೋ’ ಅಂತ ಬರೆದು, ಕೋಲನ್, ಅದರ ಮುಂದೆ ಒಂದೇ ಒಂದು ಓರೆಗೆರೆ. ಕೋಲನ್ ಮುಂದೆ ಏನೂ ಇಲ್ಲದಿದ್ದರೆ ‘ಎಲ್ಲ ಕಡೆ ಬನ್ನಿ’ ಅಂತ ಅರ್ಥ. ಆ ಒಂದು ಗೆರೆ ಬಂದರೆ ‘ಎಲ್ಲೂ ಬರಬೇಡಿ’ ಅಂತ. ರೋಬಾಟ್ಸ್ ಫೈಲ್ ಅಂದರೆ ಬಾಗಿಲು, ನೋಇಂಡೆಕ್ಸ್ ಅಂದರೆ ಒಳಗಿನ ಗೋಡೆಗೆ ಅಂಟಿಸಿದ ಚೀಟಿ. ಬಾಗಿಲು ಹಾಕಿದಮೇಲೆ ಚೀಟಿ ಕಿತ್ತು ಹಾಕಿದ್ದು ಹೊರಗೆ ನಿಂತವನಿಗೆ ಹೇಗೆ ಗೊತ್ತಾಗಬೇಕು? ಇದೇ ಕಾರಣಕ್ಕೆ, ಒಂದು ಪುಟ ಗೂಗಲ್‌ನಿಂದ ಹೋಗಲಿ ಅಂತ ರೋಬಾಟ್ಸ್ ಫೈಲಿನಲ್ಲಿ ತಡೆದರೂ ಬರೀ ವಿಳಾಸ ಪಟ್ಟಿಯಲ್ಲಿ ಉಳಿದುಬಿಡಬಹುದು. ಪುಟ ಹೋಗಬೇಕಾದರೆ ಬಾಗಿಲು ತೆರೆದಿಟ್ಟು ನೋಇಂಡೆಕ್ಸ್ ಹಾಕಬೇಕು.

ನಿಮ್ಮ ಪುಟದಲ್ಲಿ ನೋಡಲು ಕಂಟ್ರೋಲ್ ಮತ್ತು ಯು ಒತ್ತಿ ಸೋರ್ಸ್, ಅಂದರೆ ಪುಟದ ಹಿಂದಿನ ಕೋಡ್, ತೆರೆಯಿರಿ, ಅದರಲ್ಲಿ ನೋಇಂಡೆಕ್ಸ್ ಪದ ಹುಡುಕಿ. ಸಿಗಲಿಲ್ಲ ಅಂತ ಅಲ್ಲಿಗೇ ಬಿಡಬೇಡಿ. ಅದೇ ಮಾತನ್ನು ಸರ್ವರ್ ತನ್ನ ಹೆಡರ್‌ನಲ್ಲೂ (ಪುಟದ ಜೊತೆ ಕಳಿಸುವ, ಕಣ್ಣಿಗೆ ಕಾಣದ ಮಾಹಿತಿಯಲ್ಲಿ) ಕಳಿಸಬಹುದು, ಅದು ಸೋರ್ಸ್‌ನಲ್ಲಿ ಕಾಣುವುದಿಲ್ಲ, ಇನ್‌ಸ್ಪೆಕ್ಷನ್‌ನಲ್ಲಿ ಕಾಣುತ್ತದೆ. ವರ್ಡ್‌ಪ್ರೆಸ್ ಆದರೆ ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದ ಕೆಳಗೆ, ಸರ್ಚ್ ಎಂಜಿನ್‌ಗಳು ಬರದಂತೆ ಹೇಳುವ ಒಂದು ಚೆಕ್‌ಬಾಕ್ಸ್ ಇದೆ. ಅದರಲ್ಲಿ ಟಿಕ್ ಇದ್ದರೆ ತೆಗೆಯಿರಿ. ಎಷ್ಟೋ ಜನರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಬ್ರೌಸರ್‌ನಲ್ಲಿ ಪುಟ ಚೆನ್ನಾಗಿ ತೆರೆದು, ಲೈವ್ ಟೆಸ್ಟ್ ಮಾತ್ರ ಫೇಲ್ ಆಗುತ್ತಿದೆಯಾ? ಹಾಗಿದ್ದರೆ ಫೈರ್‌ವಾಲ್ ಅಥವಾ ಸಿಡಿಎನ್ (ನಿಮ್ಮ ಪುಟಗಳನ್ನು ಬೇರೆ ಬೇರೆ ಸರ್ವರ್‌ಗಳಿಂದ ತಲುಪಿಸುವ ಸೇವೆ) ಗೂಗಲ್‌ಬಾಟನ್ನು, ಅಂದರೆ ಪುಟಗಳನ್ನು ಓದಲು ಬರುವ ಗೂಗಲ್‌ನ ಪ್ರೋಗ್ರಾಮನ್ನು, ಕಳ್ಳ ಅಂತ ತಿಳಿದು ಹೊರಗೆ ನಿಲ್ಲಿಸಿರಬಹುದು. ಹೋಸ್ಟಿಂಗ್‌ನವರನ್ನು ಕೇಳಿ. ಕ್ಯಾನೊನಿಕಲ್ ಟ್ಯಾಗ್ ಕೂಡ ಒಮ್ಮೆ ನೋಡಿ. ಒಂದೇ ವಿಷಯ ಹಲವು ವಿಳಾಸಗಳಲ್ಲಿ ಇದ್ದಾಗ ‘ಇದೇ ಅಸಲಿ’ ಅಂತ ತೋರಿಸಲು ಇರುವ ಟ್ಯಾಗ್ ಅದು. ತಪ್ಪು ಸೆಟ್ಟಿಂಗ್‌ನಿಂದ ಎಲ್ಲ ಪುಟಗಳೂ ಹೋಮ್‌ಪೇಜನ್ನೇ ಅಸಲಿ ಅಂತ ತೋರಿಸುತ್ತಿದ್ದರೆ ಒಳಗಿನ ಪುಟಗಳು ಕಾಣೆಯಾಗುವುದು ಸಹಜ.

ಇನ್‌ಸ್ಪೆಕ್ಷನ್‌ನಲ್ಲಿ ‘ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಅಂತ ಬಂದರೆ ವಿಳಾಸ ಗೊತ್ತಿದೆ, ಗೂಗಲ್ ಇನ್ನೂ ಬಂದಿಲ್ಲ ಅಂತ. ನಿಮ್ಮದೇ ಬೇರೆ ಪುಟಗಳಿಂದ ಅದಕ್ಕೆ ಲಿಂಕ್ ಕೊಡಿ. ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಅಂತ ಬಂದರೆ ಸ್ವಲ್ಪ ಬೇಜಾರಿನ ವಿಷಯ: ಬಂದು ಓದಿದೆ, ಸದ್ಯಕ್ಕೆ ಬೇಡ ಅಂತ ಬಿಟ್ಟಿದೆ. ಅಲ್ಲಿ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಬಟನ್ ದಿನಾ ಒತ್ತಿದರೆ ಏನೂ ಆಗುವುದಿಲ್ಲ. ಪುಟದಲ್ಲಿ ಓದಲು ಏನಾದರೂ ಇದೆಯಾ, ಅಥವಾ ಹತ್ತು ಕಡೆ ಇರುವುದನ್ನೇ ಹನ್ನೊಂದನೇ ಸಲ ಬರೆದಿದ್ದೀರಾ ಅಂತ ನೀವೇ ಕೇಳಿಕೊಳ್ಳಬೇಕು.

ಸೈಟ್‌ಮ್ಯಾಪ್, ಅಂದರೆ ನಿಮ್ಮ ಪುಟಗಳ ವಿಳಾಸಗಳನ್ನು ಗೂಗಲ್‌ಗೆ ಕೊಡುವ ಫೈಲ್, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಫೈಲಿಗೆ 50,000 ವಿಳಾಸ, 50 ಎಂಬಿ ಮಿತಿ. ಅದು ಒಂದು ಸುಳಿವು ಮಾತ್ರ, ಗ್ಯಾರಂಟಿ ಅಲ್ಲ. ಅದರಲ್ಲಿ ಪ್ರಯಾರಿಟಿ ಅಂತ ಅಂಕಿ ತುಂಬುವುದು ಟೈಮ್ ವೇಸ್ಟ್, ಗೂಗಲ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ವಿಳಾಸ ಬದಲಾಯಿಸಿದ್ದೀರಾ?

ಸೈಟ್ ಹೊಸದು ಮಾಡಿದಮೇಲೆ ಟ್ರಾಫಿಕ್ ಬಿತ್ತು ಅಂದರೆ ನಾನು ಮೊದಲು ಕೇಳುವ ಪ್ರಶ್ನೆ ಇದೇ. ಕನ್ಸೋಲ್‌ನಲ್ಲಿ ಹೊಸದು ಮಾಡುವ ಮೊದಲಿನ ಮೂರು ತಿಂಗಳು ಆರಿಸಿ, ಜಾಸ್ತಿ ಕ್ಲಿಕ್ ಬಂದ ಪುಟಗಳ ಪಟ್ಟಿ ಇಳಿಸಿಕೊಂಡು, ಒಂದೊಂದೇ ವಿಳಾಸ ತೆರೆದು ನೋಡಿ. 404, ಅಂದರೆ ‘ಪುಟ ಇಲ್ಲ’ ಅಂತ, ಬಂದರೆ ಕಾರಣ ಸಿಕ್ಕ ಹಾಗೇ. ಪ್ರತಿ ಹಳೇ ವಿಳಾಸದಿಂದ ಅದೇ ವಿಷಯದ ಹೊಸ ವಿಳಾಸಕ್ಕೆ 301 ರೀಡೈರೆಕ್ಟ್ (ಬಂದವರನ್ನು ಹೊಸ ಜಾಗಕ್ಕೆ ಶಾಶ್ವತವಾಗಿ ಕಳಿಸುವ ಸೂಚನೆ) ಹಾಕಬೇಕು. ಎಲ್ಲವನ್ನೂ ಹೋಮ್‌ಪೇಜಿಗೆ ಕಳಿಸುವ ಸೋಮಾರಿತನ ಬೇಡ, ಗೂಗಲ್ ಅದನ್ನು ‘ಸಾಫ್ಟ್ 404’ ಅಂತ, ಅಂದರೆ ಪುಟ ಇಲ್ಲ ಅಂತಲೇ, ತಿಳಿಯಬಹುದು. ಕನಿಷ್ಠ ಒಂದು ವರ್ಷ ರೀಡೈರೆಕ್ಟ್ ಇಡಿ ಅಂತ ಗೂಗಲ್ ಹೇಳುತ್ತದೆ. ನಾನಂತೂ ತೆಗೆಯುವುದೇ ಇಲ್ಲ.

ಪಟ್ಟಿಯಲ್ಲಿದೆ, ಆದರೆ ಕೆಳಗಿದೆ

ಕನ್ಸೋಲ್‌ನ ಎಡಗಡೆ ‘ಮ್ಯಾನ್ಯುಯಲ್ ಆಕ್ಷನ್ಸ್’, ‘ಸೆಕ್ಯುರಿಟಿ ಇಶ್ಯೂಸ್’ ಅಂತ ಎರಡು ಇವೆ. ಎರಡು ನಿಮಿಷದ ಕೆಲಸ, ನೋಡಿಬಿಡಿ. ಮೊದಲಿನದರಲ್ಲಿ ಏನಾದರೂ ಇದ್ದರೆ ಗೂಗಲ್‌ನ ಸಿಬ್ಬಂದಿಯೇ ನೋಡಿ ಶಿಕ್ಷೆ ಕೊಟ್ಟಿದ್ದಾರೆ ಅಂತ, ಸರಿಮಾಡಿ ಮರುಪರಿಶೀಲನೆ ಕೇಳಬೇಕು. ಸೈಟ್ ಹೆಸರು ಹಾಕಿ ಹುಡುಕಿದಾಗ ನೀವು ಬರೆಯದೇ ಇರುವ, ಜಪಾನಿ ಅಕ್ಷರಗಳ ಅಂಗಡಿ ಪುಟಗಳು ಬಂದರೆ ಸೈಟ್ ಹ್ಯಾಕ್ ಆಗಿದೆ. ಮಿಕ್ಕ ಎಲ್ಲ ಬಿಟ್ಟು ಅದನ್ನು ಮೊದಲು ನೋಡಿ.

ಎರಡೂ ಖಾಲಿ ಇದ್ದರೆ ಬಿದ್ದ ದಿನಾಂಕವನ್ನು ಗೂಗಲ್‌ನ ಸರ್ಚ್ ಸ್ಟೇಟಸ್ ಡ್ಯಾಶ್‌ಬೋರ್ಡ್‌ನಲ್ಲಿ ಹುಡುಕಿ. ಕೋರ್ ಅಪ್‌ಡೇಟ್‌ಗಳು (ಗೂಗಲ್ ತನ್ನ ಸರ್ಚ್ ವ್ಯವಸ್ಥೆಯಲ್ಲಿ ಮಾಡುವ ದೊಡ್ಡ ಬದಲಾವಣೆಗಳು) ಎಂದು ಶುರುವಾಗಿ ಎಂದು ಮುಗಿದವು ಅಂತ ಅಲ್ಲಿ ಇರುತ್ತದೆ. ದಿನ ತಾಳೆಯಾದರೆ, ಅಪ್‌ಡೇಟ್ ಮುಗಿದು ಒಂದು ವಾರ ಆಗುವವರೆಗೆ ಏನನ್ನೂ ಮುಟ್ಟಬೇಡಿ. ಆಮೇಲೆ ಬಿದ್ದ ಪುಟಗಳನ್ನೂ ಅವುಗಳ ಜಾಗಕ್ಕೆ ಬಂದ ಪುಟಗಳನ್ನೂ ಪಕ್ಕಪಕ್ಕ ಇಟ್ಟು ಓದಿ. ಓದಿದರೆ ಕಾರಣ ಹೆಚ್ಚಾಗಿ ಗೊತ್ತಾಗುತ್ತದೆ, ಒಪ್ಪಿಕೊಳ್ಳುವುದು ಕಷ್ಟ.

ಇಲ್ಲಿ ಎಲ್ಲರೂ ವೇಗದ ಮೇಲೆ ಬೀಳುತ್ತಾರೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಒಳ್ಳೆಯ ಗುರಿ, ಸರಿ. ಆದರೆ ಒಂದೇ ದಿನದಲ್ಲಿ ಅರ್ಧ ಟ್ರಾಫಿಕ್ ಹೋಯಿತು ಅಂದರೆ ಕಾರಣ ವೇಗ ಆಗಿರುವುದು ಅಪರೂಪ. ಅದಕ್ಕಿಂತ ಮೊಬೈಲ್‌ನಲ್ಲಿ ಪುಟ ತೆರೆದು ನೋಡಿ. ಗೂಗಲ್ ಈಗ ಓದುವುದು ಮೊಬೈಲ್ ರೂಪವನ್ನೇ. ಡೆಸ್ಕ್‌ಟಾಪ್‌ನಲ್ಲಿ ಇರುವ ಪ್ಯಾರಾ ಮೊಬೈಲ್‌ನಲ್ಲಿ ಇಲ್ಲವೇ ಇಲ್ಲ ಅಂದರೆ ಗೂಗಲ್‌ಗೂ ಇಲ್ಲ.

ಕಾಣುತ್ತಿದೆ, ಒತ್ತುತ್ತಿಲ್ಲ

ಅದೇ ಪದವನ್ನು ಇನ್‌ಕಾಗ್ನಿಟೋದಲ್ಲಿ ಹುಡುಕಿ, ಫಲಿತಾಂಶದ ಪುಟವನ್ನು ಕಣ್ಣಾರೆ ನೋಡಿ. ಮೇಲೆ ಎಐ ಬರೆದ ಉತ್ತರ, ಅದರ ಕೆಳಗೆ ಜಾಹೀರಾತು, ಆಮೇಲೆ ವಿಡಿಯೋ ಇದ್ದರೆ ಒಂದನೇ ಸ್ಥಾನದಲ್ಲಿದ್ದರೂ ನೀವು ಬೆರಳು ಎರಡು ಸಲ ಎಳೆದಮೇಲೆ ಸಿಗುವವರು. ಇದಕ್ಕೆ ನಿಮ್ಮ ಸೈಟಿನಲ್ಲಿ ಮದ್ದಿಲ್ಲ. ಒಂದು ಸಾಲಿನಲ್ಲಿ ಉತ್ತರ ಮುಗಿಯುವ ಪ್ರಶ್ನೆಗಳನ್ನು ಬಿಟ್ಟು, ಒಳಗೆ ಬಂದು ಓದಲೇಬೇಕಾದ್ದನ್ನು ಬರೆಯುವುದು ಒಂದೇ ದಾರಿ. ಹಾಗೇನೂ ಇಲ್ಲ ಅಂದರೆ ನಿಮ್ಮ ಟೈಟಲ್ ಹೇಗೆ ಕಾಣುತ್ತಿದೆ ನೋಡಿ. ನೀವು ಬರೆದದ್ದೇ ಬರುತ್ತದೆ ಅಂತ ಇಲ್ಲ, ಗೂಗಲ್ ಬದಲಾಯಿಸುತ್ತದೆ. ಉದ್ದ ಜಾಸ್ತಿಯಾದರೆ, ಒಂದೇ ಪದ ಮೂರು ಸಲ ತುರುಕಿದ್ದರೆ ಬದಲಾಯಿಸುವುದು ಹೆಚ್ಚು.

ಕಾರಣ ಸಿಕ್ಕಿತು ಅಂದಮೇಲೆ ಒಂದೇ ಬದಲಾವಣೆ ಮಾಡಿ, ದಿನಾಂಕ ಬರೆದಿಡಿ, ಮುಖ್ಯ ಎರಡು ಮೂರು ಪುಟಗಳಿಗೆ ಮಾತ್ರ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಒತ್ತಿ. ಗೂಗಲ್ ಮತ್ತೆ ಬಂದು ಓದಲು ಕೆಲವು ದಿನ ಹಿಡಿಯಬಹುದು, ಕೆಲವು ವಾರವೂ ಹಿಡಿಯಬಹುದು. ಆ ಪರಿಚಯದವರ ಸೈಟಿನಲ್ಲಿ ಓರೆಗೆರೆ ಅಳಿಸಿದ ನಾಲ್ಕನೇ ದಿನ ಹೋಮ್‌ಪೇಜ್ ಬಂತು. ಒಳಗಿನ ಪುಟಗಳು ಹೋದ ಹಾಗೇ ಬಂದವು, ಒಂದೊಂದಾಗಿ. ಪೂರ್ತಿ ಬರಲು ಎರಡು ತಿಂಗಳಾಯಿತು. ಅಷ್ಟೂ ದಿನ ಅವರು ವಾರಕ್ಕೊಮ್ಮೆ ಫೋನ್ ಮಾಡಿ ‘ಥೀಮ್ ಬದಲಾಯಿಸಲಾ?’ ಅಂತ ಕೇಳುತ್ತಿದ್ದರು.