ಹಳೇ ಲ್ಯಾಪ್‌ಟಾಪ್ ಕೊಳ್ಳೋ ಮುಂಚೆ ಡಿಸ್ಕ್ ಯಾವುದು ನೋಡಿ
ಮಕ್ಕಳ ಓದಿಗೆ, ಟೈಪಿಂಗ್‌ಗೆ ಅಂತ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಳ್ಳೋರು ದಯವಿಟ್ಟು ‘1 ಟಿಬಿ’ ಜಾಗ ಇದೆ ಅನ್ನೋದಕ್ಕೇ ಮರುಳಾಗಬೇಡಿ. ಅಂಥವುಗಳಲ್ಲಿ ಸಾಮಾನ್ಯವಾಗಿ ಇರೋದು ನಿಮಿಷಕ್ಕೆ 5400 ಸುತ್ತು ತಿರುಗೋ ಹಾರ್ಡ್ ಡಿಸ್ಕ್. 7200ರದ್ದು ಸ್ವಲ್ಪ ಚುರುಕು ನಿಜ, ಆದರೆ ಬಿಸಿ, ಸದ್ದು, ಬ್ಯಾಟರಿ ಖರ್ಚೂ ಜಾಸ್ತಿ. ಅದಕ್ಕೆ ಸುರಿಯೋ ದುಡ್ಡಲ್ಲಿ 256 ಜಿಬಿ ಎಸ್‌ಎಸ್‌ಡಿ (ಚಿಪ್‌ಗಳಲ್ಲೇ ಮಾಹಿತಿ ಇಡೋ ಡಿಸ್ಕ್) ಹಾಕಿಸಿ. ಅದರಲ್ಲಿ ತಿರುಗೋ ತಟ್ಟೆಯೇ ಇಲ್ಲ, ಹಾಗಾಗಿ ವಿಂಡೋಸ್ ಎಷ್ಟೋ ಬೇಗ ತೆರೆದುಕೊಳ್ಳುತ್ತೆ.

ಅಂಗಡಿಯಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಪರ್ಫಾರ್ಮೆನ್ಸ್‌ಗೆ ಹೋದರೆ ಡಿಸ್ಕ್ ಕೆಳಗೆ ಎಚ್‌ಡಿಡಿಯೋ (ಅಂದರೆ ಹಾರ್ಡ್ ಡಿಸ್ಕ್) ಎಸ್‌ಎಸ್‌ಡಿಯೋ ಅಂತ ಬರೆದಿರುತ್ತೆ. ಅಂಗಡಿಯವರ ಬಾಯಿಮಾತು ಸಾಲದು, ನೀವೇ ನೋಡಿ. ತೆಗೆದ ಹಳೇ ಡಿಸ್ಕ್ ಬಿಸಾಡಬೇಡಿ, ಯುಎಸ್‌ಬಿ ಕೇಸ್‌ಗೆ ಹಾಕಿಸಿಕೊಂಡರೆ ಫೋಟೊ ಇಡೋಕಾಗುತ್ತೆ.