ಪ್ರಧಾನ ಕಚೇರಿಗೆ ಕಟ್ಟಡ ಆರಿಸುವಾಗ ಜಗಲಿಯನ್ನು ಹುಡುಕಿ

ಮುಂಬೈ, ಪುಣೆಗಳಲ್ಲಿ ಉದ್ಯಮ ಕಟ್ಟಿದ ಕನ್ನಡಿಗರು, ಹೋಟೆಲಿನವರಿರಲಿ ಸಾಗಣೆಯವರಿರಲಿ, ಒಂದು ಹಂತಕ್ಕೆ ಬಂದ ಮೇಲೆ ಪ್ರಧಾನ ಕಚೇರಿಯ ಮಾತೆತ್ತುತ್ತಾರೆ. ಚದರಡಿಯ ದರ, ಪಾರ್ಕಿಂಗ್, ಸ್ಟೇಷನ್ನಿನ ದೂರ ಇವುಗಳ ಲೆಕ್ಕ ಸರಿಯಾಗಿಯೇ ನಡೆಯುತ್ತದೆ. ಆ ಕಟ್ಟಡದೊಳಗೆ ಜನ ಎಲ್ಲಿ ಎದುರಾಗುತ್ತಾರೆ, ಎಲ್ಲಿ ನಿಂತು ಮಾತಾಡುತ್ತಾರೆ ಎಂದು ಕೇಳುವವರು ಮಾತ್ರ ಕಡಿಮೆ. ಸಂಸ್ಥೆಯ ನಡವಳಿಕೆ ರೂಪುಗೊಳ್ಳುವುದು ಅಲ್ಲಿಯೇ ಆದ್ದರಿಂದ ಹುಡುಕಾಟವನ್ನು ಆ ಪ್ರಶ್ನೆಯಿಂದಲೇ ಆರಂಭಿಸಬೇಕು.

ಮೊದಲು ಹೊರರೂಪವನ್ನೂ ಒಳಗಿನ ಬದುಕನ್ನೂ ಬೇರ್ಪಡಿಸಿ ನೋಡುವುದನ್ನು ರೂಢಿಸಿಕೊಳ್ಳಿ. ಮುಂಬೈಯ ನರಿಮನ್ ಪಾಯಿಂಟಿನ 23 ಅಂತಸ್ತುಗಳ ಏರ್ ಇಂಡಿಯಾ ಕಟ್ಟಡವನ್ನು ಜನ ಇಂದಿಗೂ ಆ ಹೆಸರಿನಿಂದಲೇ ಗುರುತಿಸುತ್ತಾರೆ, ಆದರೆ ಸಂಸ್ಥೆಯ ಪ್ರಧಾನ ಕಚೇರಿ 2013ರಲ್ಲಿಯೇ ದೆಹಲಿಗೆ ಹೋಯಿತು. ಹೊರರೂಪ ಹೆಸರನ್ನು ಉಳಿಸಿತು, ಸಂಸ್ಥೆಯನ್ನು ಉಳಿಸಲಿಲ್ಲ. ಇದಕ್ಕೆ ಎದುರಾಗಿ ಅದೇ ನಗರದ ಫೋರ್ಟ್ ಪ್ರದೇಶದ ಹೋಮಿ ಮೋದಿ ಬೀದಿಯಲ್ಲಿರುವ ಬಾಂಬೆ ಹೌಸನ್ನು ನೋಡಿ. ಗೇಟ್‌ವೇ ಆಫ್ ಇಂಡಿಯಾ ರೂಪಿಸಿದ ಜಾರ್ಜ್ ವಿಟೆಟ್ ಅವರೇ ವಿನ್ಯಾಸ ಮಾಡಿದ ಈ ಕಟ್ಟಡ 1924ರಿಂದ ಟಾಟಾ ಸಮೂಹದ ಮನೆಯಾಗಿದೆ. 2018ರಲ್ಲಿ ಅದನ್ನು ನವೀಕರಿಸಿದಾಗ, ಬಹುಕಾಲದಿಂದ ಬಾಗಿಲಲ್ಲಿ ಮಲಗುತ್ತಿದ್ದ ಬೀದಿನಾಯಿಗಳಿಗೆ ನೆಲಮಹಡಿಯಲ್ಲಿಯೇ ಒಂದು ಕೋಣೆ ಮಾಡಿಕೊಟ್ಟರು. ಸಂಸ್ಥೆಯ ಮೌಲ್ಯಗಳನ್ನು ಫಲಕದ ಮೇಲೆ ಬರೆಸುವುದಕ್ಕಿಂತ ಇಂಥ ಒಂದು ಕೋಣೆ ಹೆಚ್ಚು ಹೇಳುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಎರಡನೆಯದಾಗಿ, ಜಾಗ ತೋರಿಸುವವರು ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ಒಪ್ಪದೆ, ಮೇ ತಿಂಗಳ ಮಧ್ಯಾಹ್ನ ಮೂರೂವರೆಗೆ ಹೋಗಿ. ಅಂಧೇರಿಯಲ್ಲಿ ನಾವು ಹಿಡಿದ ಮೊದಲ ಕಚೇರಿಯ ಪಶ್ಚಿಮದ ಗೋಡೆ ನೆಲದಿಂದ ಚಾವಣಿಯವರೆಗೆ ಗಾಜಿನದಾಗಿತ್ತು, ಸಜ್ಜಾ ಇರಲಿಲ್ಲ. ಮೂರು ಗಂಟೆಯಾದರೆ ಲೆಕ್ಕಪತ್ರ ವಿಭಾಗದವರು ಕುರ್ಚಿ ತಿರುಗಿಸಿಕೊಂಡು ಒಳಗಿನ ಗೋಡೆಗೆ ಮುಖ ಮಾಡುತ್ತಿದ್ದರು. ತಿಂಗಳೊಳಗೆ ಗಾಜಿಗೆ ಕಂದು ಕಾಗದ ಅಂಟಿತು, ಹಗಲಿನಲ್ಲಿಯೇ ದೀಪ ಹತ್ತಿತು. ಪಕ್ಕದವರ ಮುಖ ಕಾಣದಂತೆ ಕುಳಿತವರ ನಡುವೆ ಮಾತು ನಿಂತು, ಒಂದೇ ಕೋಣೆಯೊಳಗೆ ಇಮೇಲ್ ಹರಿದಾಡಿತು. ತಪ್ಪು ಆ ಜನರದಲ್ಲ, ಸೂರ್ಯನ ದಿಕ್ಕನ್ನು ನೋಡದೆ ಕರಾರಿಗೆ ಸಹಿ ಹಾಕಿದ ನಮ್ಮದು.

ಸ್ವಂತ ನೆಲವಿದ್ದವರು ಪುಣೆಗೆ ಹೋಗಿ ಎರಡು ಜಾಗಗಳನ್ನು ಅಧ್ಯಯನ ಮಾಡಬೇಕು. ಹಡಪ್ಸರದಲ್ಲಿ ಪವನ ವಿದ್ಯುತ್ ಕಂಪನಿ ಸುಜ್ಲಾನ್‌ಗಾಗಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ಬೆನ್ನಿಂಜರ್ ರೂಪಿಸಿದ 'ಒನ್ ಅರ್ಥ್' ಗೋಪುರದಂತೆ ಮೇಲೇರದೆ ಕಡಿಮೆ ಅಂತಸ್ತುಗಳಲ್ಲಿ ಅಂಗಳಗಳ ಸುತ್ತ ಹರಡಿಕೊಂಡಿದೆ. ವಿಶ್ವವಿದ್ಯಾಲಯದ ಆವರಣದಲ್ಲಿರುವ ಖಗೋಳ ವಿಜ್ಞಾನ ಕೇಂದ್ರ ಅಯೂಕಾ ಕಂಪನಿಯಲ್ಲ, ಆದರೂ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅಲ್ಲಿ ಮಾಡಿದ ಕೆಲಸ ಯಾವ ಕಂಪನಿಗೂ ಪಾಠ. ತೆರೆದ ಅಂಗಳದಲ್ಲಿ ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್ ಅವರ ಪ್ರತಿಮೆಗಳಿವೆ. ನಮ್ಮ ತೊಟ್ಟಿಮನೆಯನ್ನು ಬಲ್ಲವರಿಗೆ ಇಂಥ ಅಂಗಳದ ಉಪಯೋಗ ಕೂಡಲೇ ಅರ್ಥವಾಗುತ್ತದೆ: ಯಾವ ಕೋಣೆಯಿಂದ ಹೊರಟರೂ ತೊಟ್ಟಿಯ ಅಂಚಿಗೇ ಬರಬೇಕು, ಬಂದವರು ಒಬ್ಬರನ್ನೊಬ್ಬರು ಕಾಣಲೇಬೇಕು.

ಬಾಡಿಗೆಯ ಒಂದೇ ಮಹಡಿ ಹಿಡಿದವರಿಗೂ ದಾರಿಯಿದೆ. ಒಳ್ಳೆಯ ಕಿಟಕಿಯ ಮುಂದೆ ಮಾಲೀಕರ ಕ್ಯಾಬಿನ್ ಹಾಕದೆ, ಅಲ್ಲಿ ಉದ್ದನೆಯ ಒಂದು ಕಟ್ಟೆ ಕಟ್ಟಿಸಿ ಚಹಾ ಮತ್ತು ಕುಡಿಯುವ ನೀರನ್ನು ಅಲ್ಲಿಯೇ ಇಡಿ. ಊರಿನ ಜಗಲಿಯಂತೆ ಒಳಗಿನವರೂ ಹೊರಗಿನಿಂದ ಬಂದವರೂ ಕುಳಿತುಕೊಳ್ಳುವ ಜಾಗ ಅದಾಗಲಿ. ಕ್ಯಾಬಿನ್‌ಗಳನ್ನು ಒಳಭಾಗಕ್ಕೆ ಸರಿಸಿದರೆ ಬೆಳಕು ಎಲ್ಲರ ಮೇಜಿಗೂ ತಲುಪುತ್ತದೆ. ಇದಕ್ಕೆ ತಗಲುವ ಖರ್ಚು ಒಂದು ಸೋಫಾ ಸೆಟ್ಟಿನಷ್ಟೂ ಆಗಲಾರದು.

ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆಯ ಕರಾರಿಗೆ ಸಹಿ ಹಾಕುವ ಮೊದಲು ನಿಮ್ಮ ಗುಮಾಸ್ತರನ್ನೂ ಚಹಾ ಕೊಡುವವರನ್ನೂ ಆ ಜಾಗಕ್ಕೆ ಕರೆದೊಯ್ದು ಅರ್ಧ ದಿನ ಅಲ್ಲಿರಲು ಹೇಳಿ, ಅವರು ಊಟದ ಡಬ್ಬಿ ಬಿಚ್ಚಲು ಯಾವ ಮೂಲೆಯನ್ನು ಆರಿಸುತ್ತಾರೆ ಎಂಬುದನ್ನು ಗುರುತು ಹಾಕಿಕೊಂಡು, ಕಟ್ಟೆಯನ್ನು ಅಲ್ಲಿಯೇ ಕಟ್ಟಿಸಿ.